ಮೈಕೆಲ್ ಫ್ಯಾರಡೆ: ತಿರುಗುವ ಸುರುಳಿಯ ಹಿಂದಿನ ವಿಶ್ವಾಸಿ

ಚರ್ಚಿನ ವಾರ್ಷಿಕ ಹಬ್ಬದ ಸಂಜೆ. ಸಾಂಭ್ರಮಿಕ ಬಲಿಪೂಜೆಯ ನಡುವೆ ಕರೆಂಟು ಹೋಗುತ್ತದೆ. ಮೈಕು ಮೌನವಾಗುತ್ತದೆ, ಅರ್ಧ ನಿಮಿಷ ಎಲ್ಲೆಡೆ ಕತ್ತಲೆ. ಅಷ್ಟರಲ್ಲಿ ಆವರಣದ ಮೂಲೆಯಲ್ಲಿರುವ ಜನರೇಟರ್ ಗುಡುಗುತ್ತದೆ, ದೀಪಗಳು ಮತ್ತೆ ಹೊತ್ತಿಕೊಳ್ಳುತ್ತವೆ. ಆ ಪೆಟ್ಟಿಗೆಯೊಳಗೆ ಏನು ನಡೆಯಿತು ಎಂದು ನಾವು ಯಾರೂ ಯೋಚಿಸುವುದಿಲ್ಲ. ಡೀಸೆಲ್ ಉರಿಯಿತು, ವಿದ್ಯುತ್ ಬಂತು, ಅಷ್ಟೇ ನಮಗೆ ಗೊತ್ತು. ಆದರೆ ಡೀಸೆಲ್ ಮಾಡಿದ್ದು ಒಂದೇ ಕೆಲಸ, ತಿರುಗಿಸಿದ್ದು. ವಿದ್ಯುತ್ತನ್ನು ಹುಟ್ಟಿಸಿದ್ದು ತಾಮ್ರದ ತಂತಿಯ ಸುರುಳಿ ಮತ್ತು ಅಯಸ್ಕಾಂತ.

ಇದೇ ಸುರುಳಿಯನ್ನು ದಿನವೂ ಕೈಯಲ್ಲಿ ಹಿಡಿದು ಬದುಕುವವರೂ ಇದ್ದಾರೆ. ಬೆಂಗಳೂರಿನ ಪಶ್ಚಿಮ ಭಾಗದ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ನಮ್ಮ ಕರಾವಳಿಯವರಿಗೆ ಹೊಸ ಹೆಸರುಗಳಲ್ಲ. ಓದಿಗಾಗಿ, ಉದ್ಯೋಗಕ್ಕಾಗಿ ಹೋದ ನಮ್ಮ ಮಕ್ಕಳು ಅಲ್ಲಿದ್ದಾರೆ. ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ, ಕಾಮಾಕ್ಷಿಪಾಳ್ಯದ ಗಲ್ಲಿಗಳಲ್ಲಿ ನಡೆದರೆ ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ವೈಂಡಿಂಗ್ ಅಂಗಡಿಗಳು ಕಾಣುತ್ತವೆ. ಹತ್ತಿರದ ಮಲ್ಲೇಶ್ವರ ಪಶ್ಚಿಮದಲ್ಲಿ 1946ರಲ್ಲಿ ಆರಂಭವಾದ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಸಂಸ್ಥೆ ಮೋಟಾರು, ಜನರೇಟರುಗಳ ತಯಾರಿಕೆಗೆ ಹೆಸರಾಯಿತು. ಈ ಎಲ್ಲ ಕೈಗಳಿಗೂ ಕೆಲಸ ಕೊಟ್ಟ ನಿಯಮವನ್ನು 1831ರಲ್ಲಿ ಕಂಡುಹಿಡಿದವರು ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ. ಅವರ ಹೆಸರು ಶಾಲೆಯ ಪುಸ್ತಕದಲ್ಲಿ ಎಲ್ಲರೂ ಓದಿದ್ದೇ. ಆದರೆ ಅವರು ದೃಢವಾದ ಕ್ರೈಸ್ತ ವಿಶ್ವಾಸಿಯಾಗಿದ್ದರು, ತಮ್ಮದೇ ಸಭೆಯ ಕೈಯಲ್ಲಿ ನೋವುಂಡರೂ ಅದನ್ನು ಬಿಟ್ಟು ಹೋಗಲಿಲ್ಲ ಎಂಬುದು ಅನೇಕರಿಗೆ ತಿಳಿದಿಲ್ಲ. ಚರ್ಚಿನ ಸೇವೆಯಲ್ಲಿರುವ ನಮಗೆಲ್ಲ ಆ ಬದುಕಿನಲ್ಲಿ ಕಲಿಯುವುದಿದೆ.

ಕಮ್ಮಾರನ ಮಗ

ಫ್ಯಾರಡೆಯವರು ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಇಂದು ಲಂಡನ್ನಿನೊಳಗೆ ಸೇರಿಹೋಗಿರುವ ನ್ಯೂವಿಂಗ್ಟನ್ ಬಟ್ಸ್ ಎಂಬಲ್ಲಿ. ತಂದೆ ಜೇಮ್ಸ್ ಕಮ್ಮಾರ, ತಾಯಿ ಮಾರ್ಗರೆಟ್. ನಾಲ್ವರು ಮಕ್ಕಳಲ್ಲಿ ಮೈಕೆಲ್ ಮೂರನೆಯವರು. ತಂದೆಗೆ ಆಗಾಗ ಕಾಯಿಲೆ, ದುಡಿಮೆ ಸಾಲದು. 1801ರ ಬೆಲೆಯೇರಿಕೆಯ ಕಾಲದಲ್ಲಿ ಬಾಲಕ ಮೈಕೆಲ್‌ನ ಪಾಲಿಗೆ ವಾರಕ್ಕೆ ಒಂದು ರೊಟ್ಟಿ ಸಿಗುತ್ತಿತ್ತಂತೆ. ಅದನ್ನೇ ಏಳೂ ದಿನಕ್ಕೆ ಹಂಚಿಕೊಳ್ಳಬೇಕು. ಶಾಲೆಯಲ್ಲಿ ಕಲಿತದ್ದು ಓದು, ಬರಹ, ಸ್ವಲ್ಪ ಲೆಕ್ಕ ಮಾತ್ರ.

ಹದಿಮೂರರ ವಯಸ್ಸಿನಲ್ಲಿ ಹುಡುಗ ಜಾರ್ಜ್ ರೀಬೋ ಎಂಬ ಪುಸ್ತಕ ವ್ಯಾಪಾರಿಯ ಬಳಿ ಕೆಲಸಕ್ಕೆ ಸೇರಿದ. ಮೊದಲು ಮನೆಮನೆಗೆ ಪತ್ರಿಕೆ ಹಂಚುವ ಕೆಲಸ, ಮರುವರ್ಷದಿಂದ ಏಳು ವರ್ಷಗಳ ಕಾಲ ಪುಸ್ತಕ ಕಟ್ಟುವ ಕಸುಬಿನ ತರಬೇತಿ. ಕಟ್ಟಲು ಬಂದ ಪುಸ್ತಕಗಳನ್ನೆಲ್ಲ ಆತ ಓದತೊಡಗಿದ. ಬ್ರಿಟಾನಿಕಾ ವಿಶ್ವಕೋಶದಲ್ಲಿ ವಿದ್ಯುತ್ತಿನ ಬಗ್ಗೆ ಇದ್ದ ಲೇಖನ, ಜೇನ್ ಮಾರ್ಸೆಟ್ ಎಂಬ ಮಹಿಳೆ ಬರೆದ ರಸಾಯನಶಾಸ್ತ್ರದ ಪುಸ್ತಕ, ಇವೆರಡು ಅವನ ಮನಸ್ಸನ್ನು ಹಿಡಿದವು. ಓದಿದ್ದನ್ನು ಕೈಯಾರೆ ಮಾಡಿ ನೋಡುವ ಅಭ್ಯಾಸ ಆಗಲೇ ಶುರುವಾಯಿತು. ಮಾಲೀಕರಾದ ರೀಬೋ ಅವನನ್ನು ಗದರಿಸದೆ ಪ್ರೋತ್ಸಾಹಿಸಿದರು. ಬಡ ಮಗುವಿನ ಕೈಗೆ ಪುಸ್ತಕ ಸಿಗುವಂತೆ ಮಾಡುವುದು ಎಷ್ಟು ದೊಡ್ಡ ಸೇವೆ ಎಂಬುದನ್ನು ಇದರಿಂದ ತಿಳಿಯಬಹುದು.

1812ರಲ್ಲಿ ಅಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬರು ಈ ಯುವಕನಿಗೆ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ನಡೆಯಲಿದ್ದ ಉಪನ್ಯಾಸಗಳ ಟಿಕೆಟ್ ಕೊಟ್ಟರು. ಉಪನ್ಯಾಸಕರು ಅಂದಿನ ಪ್ರಸಿದ್ಧ ವಿಜ್ಞಾನಿ ಸರ್ ಹಂಫ್ರಿ ಡೇವಿ. ಫ್ಯಾರಡೆ ನಾಲ್ಕು ಉಪನ್ಯಾಸಗಳಿಗೂ ಟಿಪ್ಪಣಿ ಬರೆದು, ಚಿತ್ರ ಬಿಡಿಸಿ, ತಾನೇ ಅಂದವಾಗಿ ಬೈಂಡ್ ಮಾಡಿ ಡೇವಿಯವರಿಗೆ ಕಳುಹಿಸಿದರು. 1813ರ ಮಾರ್ಚ್ 1ರಂದು ಪ್ರಯೋಗಾಲಯದ ಸಹಾಯಕನ ಕೆಲಸ ಸಿಕ್ಕಿತು. ಸಣ್ಣ ಸಂಬಳ, ಮೇಲಂತಸ್ತಿನಲ್ಲಿ ಎರಡು ಕೋಣೆ. ಮುಂದಿನ ಬಹುಪಾಲು ಆಯುಷ್ಯವನ್ನು ಅವರು ಅದೇ ಕಟ್ಟಡದಲ್ಲಿ ಕಳೆದರು.

ಅದೇ ವರ್ಷ ಡೇವಿ ದಂಪತಿಗಳ ಜೊತೆ ಯುರೋಪ್ ಪ್ರವಾಸ ಹೊರಟಾಗ ಫ್ಯಾರಡೆಯವರು ಸಹಾಯಕನೂ ಆಗಬೇಕಿತ್ತು, ಆಳೂ ಆಗಬೇಕಿತ್ತು. ಡೇವಿಯವರ ಪತ್ನಿ ಅವರನ್ನು ಸೇವಕನಂತೆಯೇ ನಡೆಸಿಕೊಂಡರು. ಬಿಟ್ಟು ಹೋಗೋಣ ಎನಿಸಿದ್ದೂ ಉಂಟು. ಆದರೂ ಆ ಪ್ರವಾಸದಲ್ಲಿ ಅವರು ಪ್ಯಾರಿಸ್ಸಿನಲ್ಲಿ ಆಂಪಿಯರ್ ಅವರನ್ನೂ ಮಿಲಾನಿನಲ್ಲಿ ವೋಲ್ಟಾ ಅವರನ್ನೂ ಕಂಡರು. ಇಂದು ಆಂಪ್ ಮತ್ತು ವೋಲ್ಟ್ ಎಂದು ನಾವು ಅಳೆಯುವುದು ಈ ಇಬ್ಬರ ಹೆಸರಿನಲ್ಲೇ. ಇಬ್ಬರೂ ಭಕ್ತಿವಂತ ಕಥೋಲಿಕರು ಎಂಬುದನ್ನು ಇಲ್ಲಿ ನೆನೆಯಬಹುದು.

ಹತ್ತು ವರ್ಷಗಳ ಹುಡುಕಾಟ

1820ರಲ್ಲಿ ಡೆನ್ಮಾರ್ಕಿನ ಅರ್‌ಸ್ಟೆಡ್ ಎಂಬವರು ತಂತಿಯಲ್ಲಿ ವಿದ್ಯುತ್ ಹರಿದಾಗ ಪಕ್ಕದ ದಿಕ್ಸೂಚಿಯ ಸೂಜಿ ಅಲುಗುವುದನ್ನು ತೋರಿಸಿದ್ದರು. ಅಂದರೆ ವಿದ್ಯುತ್ತಿನಿಂದ ಕಾಂತತ್ವ ಹುಟ್ಟುತ್ತದೆ. ಹಾಗಾದರೆ ಕಾಂತತ್ವದಿಂದ ವಿದ್ಯುತ್ ಹುಟ್ಟಬಾರದೇಕೆ? ಫ್ಯಾರಡೆಯವರು 1820ರ ದಶಕದಲ್ಲಿ ಮತ್ತೆ ಮತ್ತೆ ಪ್ರಯತ್ನಿಸಿದರು. ತಂತಿಯ ಪಕ್ಕದಲ್ಲಿ ಅಯಸ್ಕಾಂತ ಇಟ್ಟು ನೋಡಿದರು, ವಿದ್ಯುತ್ ಹರಿಯುವ ತಂತಿಯ ಪಕ್ಕದಲ್ಲಿ ಇನ್ನೊಂದು ತಂತಿ ಇಟ್ಟು ನೋಡಿದರು. ಏನೂ ಆಗಲಿಲ್ಲ.

1831ರ ಆಗಸ್ಟ್ 29ರಂದು ಮೆತು ಕಬ್ಬಿಣದ ಒಂದು ಬಳೆಗೆ ಎರಡು ಕಡೆ ತಂತಿ ಸುತ್ತಿದರು. ಒಂದು ಸುರುಳಿಗೆ ಬ್ಯಾಟರಿ, ಇನ್ನೊಂದರ ತಂತಿಯ ಬಳಿ ಕಾಂತಸೂಜಿ. ಬ್ಯಾಟರಿ ಜೋಡಿಸಿದ ಕ್ಷಣ ಸೂಜಿ ಅಲುಗಿತು, ಆಮೇಲೆ ಸುಮ್ಮನಾಯಿತು. ಬ್ಯಾಟರಿ ಕಳಚಿದಾಗ ಮತ್ತೆ ಅಲುಗಿತು. ಇಷ್ಟು ವರ್ಷ ತಪ್ಪಿಹೋಗಿದ್ದ ಸಂಗತಿ ಇದೇ! ಸುಮ್ಮನೆ ಇರುವ ಅಯಸ್ಕಾಂತ ಎಷ್ಟೇ ಬಲಿಷ್ಠವಾಗಿದ್ದರೂ ಸುಮ್ಮನೆ ಇರುವ ತಂತಿಯಲ್ಲಿ ವಿದ್ಯುತ್ ಹುಟ್ಟಿಸಲಾರದು. ಬದಲಾವಣೆ ಬೇಕು, ಚಲನೆ ಬೇಕು. ಅಕ್ಟೋಬರ್ 17ರಂದು ಅಯಸ್ಕಾಂತದ ಕಡ್ಡಿಯನ್ನು ಸುರುಳಿಯೊಳಗೆ ತೂರಿಸಿ, ಹೊರಗೆಳೆದು ಇದನ್ನೇ ಖಚಿತಪಡಿಸಿಕೊಂಡರು. ಅಕ್ಟೋಬರ್ 28ರಂದು ದೊಡ್ಡ ಅಯಸ್ಕಾಂತವೊಂದರ ಧ್ರುವಗಳ ನಡುವೆ ತಾಮ್ರದ ತಟ್ಟೆಯನ್ನು ತಿರುಗಿಸಿದರು. ತಿರುಗುತ್ತಿರುವಷ್ಟು ಹೊತ್ತೂ ವಿದ್ಯುತ್ ಹರಿಯಿತು. ಜಗತ್ತಿನ ಮೊದಲ ಜನರೇಟರ್ ಅದು. ಮರುವರ್ಷವೇ ಪ್ಯಾರಿಸ್ಸಿನ ಪಿಕ್ಸಿ ಎಂಬವರು ಅಯಸ್ಕಾಂತವನ್ನು ಸುರುಳಿಗಳ ಮುಂದೆ ತಿರುಗಿಸುವ ಯಂತ್ರ ಮಾಡಿದರು.

ನಮ್ಮ ಧರ್ಮಸಭೆಯ ಗುರುಗಳೂ ಈ ಕೆಲಸದಲ್ಲಿ ಹಿಂದೆ ಬೀಳಲಿಲ್ಲ. ಐರ್ಲೆಂಡಿನ ಮೇನೂತ್ ಗುರುಮಠದಲ್ಲಿ ಪಾಠ ಹೇಳುತ್ತಿದ್ದ ಫಾದರ್ ನಿಕೋಲಸ್ ಕ್ಯಾಲನ್ 1836ರಲ್ಲಿ ಕಡಿಮೆ ವೋಲ್ಟಿನಿಂದ ಅತಿ ಹೆಚ್ಚು ವೋಲ್ಟ್ ಪಡೆಯುವ ಪ್ರೇರಣಾ ಸುರುಳಿಯನ್ನು ರಚಿಸಿದರು. ಹಂಗೇರಿಯ ಬೆನೆಡಿಕ್ಟಿನ್ ಗುರು ಆನ್ಯೋಶ್ ಯೆಡ್ಲಿಕ್ 1861ರ ಹೊತ್ತಿಗೆ ಡೈನಮೋ ಒಂದನ್ನು ನಿರ್ಮಿಸಿದ್ದರು.

ಸುರುಳಿ ತಿರುಗಿದಾಗ ಏನಾಗುತ್ತದೆ?

ಎರಡು ಕಾಂತಧ್ರುವಗಳ ನಡುವೆ ಒಂದು ಚೌಕಾಕಾರದ ತಂತಿಯನ್ನು ಇಟ್ಟಿದ್ದೇವೆ ಎಂದುಕೊಳ್ಳಿ. ಒಂದು ಧ್ರುವದಿಂದ ಇನ್ನೊಂದಕ್ಕೆ ಕಣ್ಣಿಗೆ ಕಾಣದ ರೇಖೆಗಳು ಹಾದುಹೋಗುತ್ತವೆ ಎಂದು ಫ್ಯಾರಡೆಯವರು ಕಲ್ಪಿಸಿದರು. ಇವೇ ಬಲರೇಖೆಗಳು. ಚೌಕ ತಿರುಗಿದಂತೆ ಅದರ ಎರಡು ಬದಿಯ ತಂತಿಗಳು ಈ ರೇಖೆಗಳನ್ನು ಕತ್ತರಿಸುತ್ತವೆ. ಚೌಕವು ರೇಖೆಗಳ ದಿಕ್ಕಿನಲ್ಲೇ ಮಲಗಿರುವಾಗ ಅದರ ಬದಿಗಳು ರೇಖೆಗಳನ್ನು ನೇರವಾಗಿ ಅಡ್ಡ ಕತ್ತರಿಸುವುದರಿಂದ ವೋಲ್ಟೇಜ್ ಗರಿಷ್ಠ. ರೇಖೆಗಳಿಗೆ ಎದುರಾಗಿ ನಿಂತ ಕ್ಷಣದಲ್ಲಿ ಬದಿಗಳು ರೇಖೆಗಳ ಜೊತೆಜೊತೆಗೇ ಸಾಗುವುದರಿಂದ ವೋಲ್ಟೇಜ್ ಸೊನ್ನೆ. ಅಲ್ಲಿಂದ ಮುಂದೆ ವಿದ್ಯುತ್ತಿನ ದಿಕ್ಕು ತಿರುಗುಮುರುಗಾಗುತ್ತದೆ. ಹೀಗೆ ಅರ್ಧ ಸುತ್ತಿಗೊಮ್ಮೆ ದಿಕ್ಕು ಬದಲಿಸುವುದೇ ಎ.ಸಿ. ವಿದ್ಯುತ್. ನಮ್ಮ ದೇಶದಲ್ಲಿ ಸೆಕೆಂಡಿಗೆ 50 ಆವರ್ತ. ತಂತಿಯ ಸುತ್ತುಗಳು ಹೆಚ್ಚಾದರೆ, ಸುರುಳಿ ದೊಡ್ಡದಾದರೆ, ಅಯಸ್ಕಾಂತ ಬಲವಾದರೆ, ವೇಗ ಹೆಚ್ಚಿದರೆ ವೋಲ್ಟೇಜ್ ಕೂಡ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. 1851ರಲ್ಲಿ ಫ್ಯಾರಡೆಯವರು ಆಯಾಕಾರದ ತಂತಿಗಳನ್ನು ಭೂಮಿಯ ಕಾಂತಕ್ಷೇತ್ರದಲ್ಲೇ ತಿರುಗಿಸಿ ಅಳತೆ ಮಾಡಿದ್ದರು.

ಇನ್ನೊಂದು ವಿಷಯ. ಚರ್ಚಿನ ಜನರೇಟರ್ ಓಡುತ್ತಿರುವಾಗ ಎಲ್ಲ ಫ್ಯಾನುಗಳನ್ನೂ ಒಮ್ಮೆಲೇ ಹಾಕಿದರೆ ಇಂಜಿನಿನ ಸದ್ದು ಭಾರವಾಗುವುದನ್ನು ಗಮನಿಸಿರಬಹುದು. ಸುರುಳಿಯಲ್ಲಿ ಹುಟ್ಟಿದ ವಿದ್ಯುತ್ ತನ್ನನ್ನು ಹುಟ್ಟಿಸಿದ ಚಲನೆಯನ್ನೇ ತಡೆಯುತ್ತದೆ. 1834ರಲ್ಲಿ ಲೆಂಝ್ ಎಂಬವರು ಹೇಳಿದ ನಿಯಮವಿದು. ತಡೆಯನ್ನು ಮೀರಿ ತಿರುಗಿಸಿದರೆ ಮಾತ್ರ ಬೆಳಕು. ಬಿಟ್ಟಿಯಾಗಿ ಏನೂ ಬರುವುದಿಲ್ಲ. ಇಂದಿನ ಬಹುತೇಕ ಜನರೇಟರುಗಳಲ್ಲಿ ಸುರುಳಿ ಸ್ಥಿರವಾಗಿದ್ದು ವಿದ್ಯುತ್ ಕಾಂತವೇ ಒಳಗೆ ತಿರುಗುತ್ತದೆ. ಯಾವುದು ತಿರುಗಿದರೂ ನಿಯಮ ಒಂದೇ.

ಸಭೆಯಿಂದ ಹೊರಗೆ

ಫ್ಯಾರಡೆಯವರು ಕಥೋಲಿಕರಲ್ಲ. ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಸ್ಯಾಂಡಮೇನಿಯನ್ ಎಂಬ ಪುಟ್ಟ ಪ್ರೊಟೆಸ್ಟಂಟ್ ಸಭೆಗೆ ಅವರ ಮನೆತನ ಸೇರಿತ್ತು. 1821ರ ಜೂನಿನಲ್ಲಿ ಅದೇ ಸಭೆಯ ಸಾರಾ ಬರ್ನಾರ್ಡ್ ಅವರನ್ನು ಮದುವೆಯಾದರು. ಮರುತಿಂಗಳೇ ಸಭೆಯ ಮುಂದೆ ತಮ್ಮ ವಿಶ್ವಾಸವನ್ನು ಘೋಷಿಸಿ ಪೂರ್ಣ ಸದಸ್ಯರಾದರು. ಭಾನುವಾರವೆಲ್ಲ ಆರಾಧನೆ, ನಡುವೆ ಸಹಭೋಜನ, ಬಡವರ ಆರೈಕೆ, ಹಣ ಕೂಡಿಡುವುದರ ವಿರುದ್ಧ ಕಟ್ಟುನಿಟ್ಟು, ಇದು ಆ ಸಭೆಯ ರೀತಿ. ದಂಪತಿಗಳಿಗೆ ಮಕ್ಕಳಾಗಲಿಲ್ಲ. ವಾರವೆಲ್ಲ ಲಂಡನ್ನಿನ ಗಣ್ಯರ ಮುಂದೆ ಉಪನ್ಯಾಸ ಕೊಡುತ್ತಿದ್ದ ವಿಜ್ಞಾನಿ ಭಾನುವಾರ ಸಾಮಾನ್ಯ ಕುಶಲಕರ್ಮಿಗಳ ಪಕ್ಕದಲ್ಲಿ ಕುಳಿತಿರುತ್ತಿದ್ದರು. 1840ರಲ್ಲಿ ಅವರನ್ನು ಸಭಾಹಿರಿಯರನ್ನಾಗಿ ಆರಿಸಲಾಯಿತು. ಪ್ರಸಂಗ ಮಾಡುವುದು, ಕಾಯಿಲೆಯವರನ್ನು ಕಾಣುವುದು ಅವರ ಹೊಣೆಯಾಯಿತು.

1844ರ ಮಾರ್ಚ್ 31ರಂದು ಅದೇ ಸಭೆ ಅವರನ್ನು ಹೊರಗೆ ಹಾಕಿತು! ಭಾನುವಾರ ರಾಣಿಯವರ ಊಟಕ್ಕೆ ಹೋದದ್ದೇ ಕಾರಣ ಎಂಬ ಕಥೆ ಬಹಳ ಕಾಲ ಪ್ರಚಾರದಲ್ಲಿತ್ತು. ನಂತರ ದಾಖಲೆಗಳನ್ನು ಪರಿಶೀಲಿಸಿದವರು ಅದನ್ನು ಒಪ್ಪುವುದಿಲ್ಲ. ಸಭೆಯೊಳಗೆ ಶಿಸ್ತಿನ ಪ್ರಶ್ನೆಯ ಬಗ್ಗೆ ಎದ್ದ ಭಿನ್ನಾಭಿಪ್ರಾಯದಲ್ಲಿ ಅವರ ಜೊತೆ ಇನ್ನೂ ಹಲವರು ಹೊರಗಾಗಿದ್ದರು. ಕಾರಣ ಏನೇ ಇರಲಿ, ಪೆಟ್ಟು ದೊಡ್ಡದು. ಆಗ ಅವರಿಗೆ 52 ವರ್ಷ. ಹೆಂಡತಿ, ಬಂಧುಗಳು, ಬಾಲ್ಯದ ಗೆಳೆಯರು ಎಲ್ಲರೂ ಅದೇ ಸಭೆಯವರು. ಆ ದಿನಗಳಲ್ಲಿ ಗೆಳೆಯರೊಬ್ಬರಿಗೆ ಬರೆದ ಪತ್ರದಲ್ಲಿ ಅವರ ದೇಹವೂ ಮನಸ್ಸೂ ಕುಗ್ಗಿದ್ದು ಕಾಣುತ್ತದೆ.

ಅವರು ಏನು ಮಾಡಬಹುದಿತ್ತು? ಯುರೋಪಿನ ವಿದ್ವತ್ ಸಂಸ್ಥೆಗಳೆಲ್ಲ ಗೌರವಿಸುತ್ತಿದ್ದ ವ್ಯಕ್ತಿ ಅವರು. ನೂರಾರು ಬಾಗಿಲುಗಳು ತೆರೆದಿದ್ದವು. ಸಣ್ಣ ಸಭೆಯೊಂದಕ್ಕೆ ಬೆನ್ನು ತಿರುಗಿಸಿ ಹೋಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಪತ್ರಿಕೆಗಳಿಗೆ ಬರೆದಿದ್ದರೆ ಜನ ಅವರ ಪರವೇ ನಿಲ್ಲುತ್ತಿದ್ದರು. ಎರಡನ್ನೂ ಅವರು ಮಾಡಲಿಲ್ಲ. ಮತ್ತೆ ಸೇರಿಸಿಕೊಳ್ಳುವಂತೆ ಕೇಳಿಕೊಂಡರು. ಮೇ 5ರಂದು ಸಭೆ ಅವರನ್ನು ಸ್ವೀಕರಿಸಿತು. ಆದರೆ ಹಿರಿಯರ ಸ್ಥಾನ ಮರಳಿ ಸಿಗಲಿಲ್ಲ. ಮುಂದಿನ ಹದಿನಾರು ವರ್ಷ ಸಾಮಾನ್ಯ ಸದಸ್ಯರಾಗಿ ಹಿಂದಿನಂತೆಯೇ ಆರಾಧನೆಗೆ ಬಂದರು. 1860ರಲ್ಲಿ ಮತ್ತೆ ಹಿರಿಯರಾಗಿ ಆಯ್ಕೆಯಾದರು. 1864ರಲ್ಲಿ ಆರೋಗ್ಯ ಕ್ಷೀಣಿಸಿದಾಗ ಬಿಟ್ಟುಕೊಟ್ಟರು.

ಪ್ರಯೋಗಾಲಯದ ದೀಪವೂ ಆರಲಿಲ್ಲ. ಹೊರಗೆ ಹಾಕಿದ ಮರುವರ್ಷ, 1845ರ ಸೆಪ್ಟೆಂಬರಿನಲ್ಲಿ, ಅಯಸ್ಕಾಂತವು ಬೆಳಕಿನ ಮೇಲೂ ಪ್ರಭಾವ ಬೀರುತ್ತದೆ ಎಂಬ ಮಹತ್ವದ ಸಂಶೋಧನೆಯನ್ನು ಅವರು ಮಾಡಿದರು. ಗಣಿತ ಅವರಿಗೆ ಒಲಿದಿರಲಿಲ್ಲ. ಅವರ ಬಲರೇಖೆಗಳ ಕಲ್ಪನೆಗೆ ಗಣಿತದ ರೂಪ ಕೊಟ್ಟವರು ಮುಂದೆ ಬಂದ ಮ್ಯಾಕ್ಸ್‌ವೆಲ್, ಅವರೂ ಭಕ್ತ ಕ್ರೈಸ್ತರೇ.

ದೀಪಸ್ತಂಭದ ಬೆಳಕು

ಕಡಲ ತೀರದ ನಮಗೆ ಹತ್ತಿರವಾಗುವ ಒಂದು ಅಧ್ಯಾಯ ಇನ್ನೂ ಇದೆ. 1836ರಿಂದ ಸುಮಾರು ಮೂವತ್ತು ವರ್ಷ ಫ್ಯಾರಡೆಯವರು ಇಂಗ್ಲೆಂಡಿನ ದೀಪಸ್ತಂಭಗಳನ್ನು ನೋಡಿಕೊಳ್ಳುವ ಟ್ರಿನಿಟಿ ಹೌಸ್ ಸಂಸ್ಥೆಗೆ ಸಲಹೆಗಾರರಾಗಿದ್ದರು. 1858ರಲ್ಲಿ ಡೋವರ್ ಬಳಿಯ ಸೌತ್ ಫೋರ್ಲೆಂಡ್ ದೀಪಸ್ತಂಭದಲ್ಲಿ ಹೋಮ್ಸ್ ಎಂಬವರ ಯಂತ್ರವನ್ನು ಪರೀಕ್ಷಿಸಲಾಯಿತು. ಆವಿಯ ಬಲದಿಂದ ಸುರುಳಿ ಮತ್ತು ಅಯಸ್ಕಾಂತಗಳನ್ನು ಒಂದರ ಮುಂದೊಂದು ತಿರುಗಿಸಿ ಅದು ವಿದ್ಯುತ್ ದೀಪ ಉರಿಸುತ್ತಿತ್ತು. ತಮ್ಮ 1831ರ ಸಂಶೋಧನೆ ಕಡಲಿನಲ್ಲಿರುವವರಿಗೆ ದಾರಿ ತೋರುವುದನ್ನು ಅವರು ಕಣ್ಣಾರೆ ಕಂಡರು. ಸುಮಾರು ಎಪ್ಪತ್ತರ ವಯಸ್ಸಿನಲ್ಲೂ ಚಳಿಗಾಲದ ಹಿಮದಲ್ಲಿ ಪರಿಶೀಲನೆಗೆ ಹೋಗುತ್ತಿದ್ದರು.

ಮಕ್ಕಳೆಂದರೆ ಅವರಿಗೆ ಅಚ್ಚುಮೆಚ್ಚು. ಕ್ರಿಸ್ಮಸ್ ರಜೆಯಲ್ಲಿ ಎಳೆಯರಿಗಾಗಿ ನಡೆಯುವ ವಿಜ್ಞಾನ ಉಪನ್ಯಾಸ ಮಾಲೆಯನ್ನು ಅವರೇ 19 ಬಾರಿ ನಡೆಸಿಕೊಟ್ಟರು. ನೈಟ್ ಪದವಿ ಬೇಡವೆಂದರು. ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿಯನ್ನು ಎರಡು ಬಾರಿ ನಿರಾಕರಿಸಿದರು. 1867ರ ಆಗಸ್ಟ್ 25ರಂದು ಕುರ್ಚಿಯಲ್ಲಿ ಕುಳಿತಂತೆಯೇ ತೀರಿಕೊಂಡರು. ಲಂಡನ್ನಿನ ಹೈಗೇಟ್ ಸ್ಮಶಾನದಲ್ಲಿ ಆಡಂಬರವಿಲ್ಲದೆ ಸಮಾಧಿಯಾಯಿತು. ಕಲ್ಲಿನ ಮೇಲೆ ಹೆಸರು ಮತ್ತು ದಿನಾಂಕಗಳಷ್ಟೇ.

ಶಿವನಸಮುದ್ರದಿಂದ ಕೆಂಗೇರಿಗೆ

ಫ್ಯಾರಡೆಯವರು ತೀರಿಕೊಂಡ 35 ವರ್ಷಗಳಲ್ಲಿ ಅವರ ನಿಯಮ ಕಾವೇರಿ ತೀರಕ್ಕೆ ಬಂತು. ಮೈಸೂರಿನ ದಿವಾನ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಸೇನಾ ಇಂಜಿನಿಯರ್ ಜೋಲಿ ಡಿ ಲೋಟ್ಬಿನಿಯೇರ್ ಅವರ ಶ್ರಮದಿಂದ ಶಿವನಸಮುದ್ರ ಜಲಪಾತದಲ್ಲಿ ವಿದ್ಯುದಾಗಾರ ಎದ್ದಿತು. 1902ರ ಜೂನ್ 30ರಂದು ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1905ರ ಆಗಸ್ಟ್ 5ರಂದು ಬೆಂಗಳೂರಿನಲ್ಲಿ ವಿದ್ಯುತ್ ದೀಪಗಳು ಬೆಳಗಿದವು. ಶೇಷಾದ್ರಿ ಅಯ್ಯರ್ 1901ರಲ್ಲೇ ನಿಧನರಾಗಿದ್ದರಿಂದ ತಮ್ಮ ಯೋಜನೆಯ ಬೆಳಕನ್ನು ಅವರು ನೋಡಲಿಲ್ಲ. ಬಿತ್ತುವವರು ಒಬ್ಬರು, ಕೊಯ್ಯುವವರು ಇನ್ನೊಬ್ಬರು.

ಇಂದು ನಮ್ಮ ಕರಾವಳಿಯಲ್ಲೂ ಅದೇ ತಿರುಗುವಿಕೆ. ಹೊಸಂಗಡಿಯ ಭೂಗತ ವಿದ್ಯುದಾಗಾರದಲ್ಲಿ ವಾರಾಹಿಯ ನೀರು ತಿರುಗಿಸುತ್ತದೆ, ಕೈಗಾದಲ್ಲಿ ಅಣುಶಕ್ತಿಯ ಉಗಿ, ಎಲ್ಲೂರಿನಲ್ಲಿ ಕಲ್ಲಿದ್ದಲಿನ ಉಗಿ. ಇಂಧನ ಬೇರೆ ಬೇರೆ, ಕೊನೆಗೆ ಎಲ್ಲೆಡೆ ಸುರುಳಿ ಮತ್ತು ಕಾಂತವೇ. ಬೆಂಗಳೂರಿನಲ್ಲಿ ವಿಜಯನಗರದ ಕಡೆಯಿಂದ ಸಾಗುವ ಮೆಟ್ರೋ 2021ರ ಆಗಸ್ಟ್ ಕೊನೆಯಲ್ಲಿ ಕೆಂಗೇರಿ ತಲುಪಿತು. ಹಳಿಯ ಪಕ್ಕದ 750 ವೋಲ್ಟಿನ ಮೂರನೇ ಹಳಿಯಿಂದ ವಿದ್ಯುತ್ ಪಡೆದು ಅದರ ಮೋಟಾರುಗಳು ತಿರುಗುತ್ತವೆ. ನಿಲ್ದಾಣ ಬಂದು ಬ್ರೇಕ್ ಹಾಕಿದಾಗ ಅದೇ ಮೋಟಾರುಗಳು ಜನರೇಟರುಗಳಾಗಿ ಗಾಡಿಯ ವೇಗವನ್ನು ವಿದ್ಯುತ್ತಾಗಿ ಮರಳಿಸುತ್ತವೆ. ಕೆಂಗೇರಿಯಾಚೆ ಸಿ.ಎಂ.ಐ. ಗುರುಗಳು ನಡೆಸುವ ಕ್ರೈಸ್ಟ್ ವಿಶ್ವವಿದ್ಯಾಲಯದ ಆವರಣದಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಇದೇ ನಿಯಮವನ್ನು ಕಲಿಯುತ್ತಾರೆ.

ಪ್ರಿಯ ಓದುಗರೇ, ನಮ್ಮ ಧರ್ಮಕೇಂದ್ರಗಳಲ್ಲೂ ಮನಸ್ತಾಪಗಳು ಬರುತ್ತವೆ. ವರ್ಷಗಟ್ಟಲೆ ದುಡಿದ ಗುರಿಕಾರರೊಬ್ಬರು, ಗಾಯನ ಮಂಡಳಿಯ ಹಿರಿಯರೊಬ್ಬರು, ಕ್ರೈಸ್ತ ಶಿಕ್ಷಣದ ಶಿಕ್ಷಕಿಯೊಬ್ಬರು ಒಂದು ಸಭೆಯ ಒಂದು ಮಾತಿನಿಂದ ನೊಂದು ಮನೆಯಲ್ಲೇ ಉಳಿದುಬಿಡುವುದನ್ನು ನಾವು ಕಂಡಿದ್ದೇವೆ. ಅವರ ನೋವು ಸುಳ್ಳಲ್ಲ. ನೋಯಿಸಿದವರು ಅದನ್ನು ಗುರುತಿಸಿ, ಬಾಗಿಲು ತೆರೆದು ಕರೆಯಬೇಕು. ನೊಂದವರಿಗೆ ಫ್ಯಾರಡೆಯವರ ಬದುಕು ಒಂದು ಮಾದರಿ. ಸ್ಥಾನ ಹೋದರೂ ಅವರು ಸೇವೆ ಬಿಡಲಿಲ್ಲ, ಹದಿನಾರು ವರ್ಷ ಹಿಂದಿನ ಸಾಲಿನಲ್ಲಿ ಕುಳಿತು ಕಾದರು. ಮುಂದಿನ ಬಾರಿ ಹಬ್ಬದ ಸಂಜೆ ಕರೆಂಟು ಹೋಗಿ ಜನರೇಟರ್ ಸದ್ದು ಕೇಳಿದಾಗ, ತಡೆಯನ್ನು ಮೀರಿ ತಿರುಗುತ್ತಲೇ ಇರುವ ಆ ಸುರುಳಿಯನ್ನೂ ಅದನ್ನು ನಮಗೆ ತಿಳಿಸಿಕೊಟ್ಟ ಆ ಸರಳ ವಿಶ್ವಾಸಿಯನ್ನೂ ಒಂದು ಕ್ಷಣ ನೆನೆಯೋಣ. ದೂರವಾಗಿರುವ ನಮ್ಮವರಲ್ಲಿ ಒಬ್ಬರನ್ನಾದರೂ ಮರುದಿನ ಹೋಗಿ ಮಾತನಾಡಿಸೋಣ.